ನಲವತ್ಮೂರರಲ್ಲಿ ನರ್ಸರಿ ಟೀಚರ್ ಆಗಲು ಹೊರಟಿದ್ದೇನೆ, ತಡೆಯುವವರು ಈಗಲೇ ತಡೆಯಿರಿ

ಜಮಾಖರ್ಚು
ನಮಸ್ಕಾರ. ಹುಬ್ಬಳ್ಳಿಯಲ್ಲಿ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದೇನೆ. ಬಿಕಾಂ ಮುಗಿಸಿದಾಗಿನಿಂದ ಇದೇ ಕೆಲಸ: ಮೊದಲು ವ್ಯಾಟ್, ಈಗ ಜಿಎಸ್‌ಟಿ, ಜುಲೈ ಬಂದರೆ ಆದಾಯ ತೆರಿಗೆ, ಸೆಪ್ಟೆಂಬರ್ ಬಂದರೆ ಆಡಿಟ್. ಸಂಬಳ ಕೈಗೆ ಮೂವತ್ತೆಂಟು ಸಾವಿರ ಬರುತ್ತದೆ. ಮಗಳು ಪಿಯುಸಿ ಎರಡನೇ ವರ್ಷ. ಯಜಮಾನರದು ಸ್ವಂತ ಅಂಗಡಿ, ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ.

ನಮ್ಮ ಓಣಿಯ ನರ್ಸರಿಯಲ್ಲಿ ಟೀಚರ್ ಒಬ್ಬರು ಹೆರಿಗೆಗೆ ಹೋದಾಗ, ನನಗೆ ರಜೆ ಇದ್ದುದರಿಂದ ಕೆಲವು ದಿನ ಸಹಾಯಕ್ಕೆ ಹೋಗಿದ್ದೆ. ಹೋದವಳಿಗೆ ಮರಳಿ ಕಂಪ್ಯೂಟರ್ ಮುಂದೆ ಕೂರುವುದು ಕಷ್ಟವಾಗಿದೆ. ಅಲ್ಲಿ ಗಡಿಯಾರ ನೋಡಲಿಲ್ಲ, ಇಲ್ಲಿ ಮೂರು ಗಂಟೆಯಿಂದಲೇ ನೋಡಲು ಶುರು ಮಾಡುತ್ತೇನೆ.

ಯಾವ ತರಬೇತಿ ಮಾಡಬೇಕು? ಬಿಎಡ್ ಬೇಕೇ ಬೇಕೇ? ಅಂಗನವಾಡಿಗೆ ಅರ್ಜಿ ಹಾಕಬಹುದೇ? ಈ ವಯಸ್ಸಿನಲ್ಲಿ ಯಾರಾದರೂ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಯೇ? ಅತ್ತೆಯವರು "ಮೂಗು ಒರೆಸುವುದಕ್ಕೆ ಬಿಕಾಂ ಯಾಕೆ ಓದಿದೆ" ಎಂದು ಕೇಳಿದ್ದಾರೆ. ಅದಕ್ಕೂ ಉತ್ತರವಿದ್ದರೆ ಕೊಡಿ.

ಬಯಲುಸೀಮೆ
ಮಾಡಿಬಿಡಿ. ಯೋಚಿಸುತ್ತಾ ಕೂತರೆ ಐವತ್ತಾಗುತ್ತದೆ.

ಖಡಕ್ ರೊಟ್ಟಿ
ಮೇಲಿನವರು ನಾಲ್ಕೇ ಪದದಲ್ಲಿ ಒಬ್ಬರ ಸಂಸಾರದ ಆಯವ್ಯಯ ಮುಗಿಸಿದರು. ಜಮಾಖರ್ಚು ಅವರೇ, ನೀವು ಲೆಕ್ಕದವರು, ಲೆಕ್ಕವನ್ನೇ ಕೇಳಿ. ನನ್ನ ತಂಗಿ ಇದೇ ಹುಬ್ಬಳ್ಳಿಯಲ್ಲಿ ಹೆಸರಿರುವ ಒಂದು ಶಾಲೆಯ ನರ್ಸರಿಯಲ್ಲಿದ್ದಾಳೆ. ಕೈಗೆ ಬರುವುದು ಹನ್ನೊಂದು ಸಾವಿರ. ಏಪ್ರಿಲ್, ಮೇ ತಿಂಗಳಿಗೆ ಅರ್ಧ ಸಂಬಳ. ಮೂವತ್ತೆಂಟರಿಂದ ಹನ್ನೊಂದಕ್ಕೆ ಇಳಿಯಲು ಮಗಳ ಕಾಲೇಜು ಶುಲ್ಕ ಕಟ್ಟುವ ವರ್ಷವೇ ಸಿಕ್ಕಿತೇ?

ಕೊಪ್ಪಳದ ಕಾರ್ಯಕರ್ತೆ
ಅಂಗನವಾಡಿ ವಿಚಾರ ನಾನು ಹೇಳುತ್ತೇನೆ ಅಕ್ಕ. ನಿಮಗೆ ಆಗುವುದಿಲ್ಲ. ಕಾರ್ಯಕರ್ತೆಯ ಹುದ್ದೆಗೆ ಸಾಮಾನ್ಯ ವಯೋಮಿತಿ 35, ಅಂಗವಿಕಲರಿಗೆ ಮಾತ್ರ ಸಡಿಲಿಕೆ ಇದೆ. ಅದೂ ಅಲ್ಲದೆ ಆ ಊರಿನ ಅಥವಾ ಆ ವಾರ್ಡಿನ ನಿವಾಸಿಯೇ ಆಗಿರಬೇಕು. ಮೊದಲು ಎಸ್‌ಎಸ್‌ಎಲ್‌ಸಿ ಸಾಕಿತ್ತು, ಈಗ ಪಿಯುಸಿ ಕೇಳುತ್ತಾರೆ.

ಇನ್ನೊಂದು. ಮಕ್ಕಳ ಜೊತೆ ಇರಬೇಕು ಎಂಬ ಆಸೆಯಿಂದ ಅಂಗನವಾಡಿಗೆ ಬಂದವರಿಗೆ ಮಕ್ಕಳ ಜೊತೆ ಇರಲು ಸಮಯವೇ ಸಿಗುವುದಿಲ್ಲ. ಬೆಳಿಗ್ಗೆ ಹಾಜರಿಯನ್ನು ಸರ್ಕಾರದ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ಗೆ ಹಾಕಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲ್ ಹಿಡಿದು ಬೇವಿನ ಮರದ ಕಟ್ಟೆ ಹತ್ತಬೇಕು. ತೂಕ, ಎತ್ತರ, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣ ಊಟ, ಮನೆ ಭೇಟಿ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ. ಇದರ ನಡುವೆ ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಮುಗಿಯಿತು. ಎಲ್ಲ ಆದ ಮೇಲೆ "ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ" ಎಂಬ ಮಾತು.

ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ. ಐವತ್ತು ವರ್ಷವಾದರೂ ನಾವು ಇನ್ನೂ "ಗೌರವಧನ" ಪಡೆಯುವವರು, ಸಂಬಳ ಪಡೆಯುವವರಲ್ಲ. ಗ್ರಾಚ್ಯುಟಿ ನಮ್ಮ ಹಕ್ಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ನಂದಿಬೆಟ್ಟ
ಬಿಎಡ್ ಮಾಡಿ ಮೇಡಂ. ಬಿಕಾಂ ಇದೆ, ಎರಡು ವರ್ಷ. ನಾಳೆ ದೊಡ್ಡ ತರಗತಿಗೂ ಹೋಗಬಹುದು.

ಚೌಕಟ್ಟು
@ನಂದಿಬೆಟ್ಟ ದಯವಿಟ್ಟು ದಾರಿ ತಪ್ಪಿಸಬೇಡಿ. ಬಿಎಡ್ ಇರುವುದು ಪ್ರೌಢಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದರಿಂದ ಐದನೇ ತರಗತಿಗೆ ಬಿಎಡ್ ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಮೂರು ವರ್ಷದ ಮಗುವಿಗೆ ಅದು ಯಾವ ಕೆಲಸಕ್ಕೆ ಬರುತ್ತದೆ?

ಇರುವ ದಾರಿಗಳು: ಇಗ್ನೋ ಎಂಬ ಮುಕ್ತ ವಿಶ್ವವಿದ್ಯಾಲಯದಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ಪಿಯುಸಿ ಸಾಕು, ಕೆಲಸ ಬಿಡದೆ ಓದಬಹುದು. ಸಣ್ಣ ಖರ್ಚು. ಎರಡನೆಯದು ಮಾಂಟೆಸ್ಸರಿ ತರಬೇತಿ. ಮೂರನೆಯದು ಗಲ್ಲಿಗೊಂದರಂತೆ ಇರುವ ನರ್ಸರಿ ಶಿಕ್ಷಕರ ತರಬೇತಿಯ, ಅಂದರೆ ಎನ್‌ಟಿಟಿ ಕೋರ್ಸುಗಳು. ಇವುಗಳಲ್ಲಿ ಬಹುಪಾಲಿಗೆ ಯಾವ ಮಾನ್ಯತೆಯೂ ಇಲ್ಲ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ಎನ್‌ಸಿಟಿಇ ಎಂಬ ರಾಷ್ಟ್ರೀಯ ಮಂಡಳಿ. ಹಣ ಕಟ್ಟುವ ಮೊದಲು "ಎನ್‌ಸಿಟಿಇ ಮಾನ್ಯತೆ ಪತ್ರ ತೋರಿಸಿ" ಎಂದು ಒಮ್ಮೆ ಕೇಳಿ ನೋಡಿ. ಕೌಂಟರ್‌ನಲ್ಲಿರುವವರು ಮಾತು ಬದಲಿಸುವ ವೇಗ ನೋಡಲು ಚೆನ್ನಾಗಿರುತ್ತದೆ.

ಕಡಲಕರೆ
ನಾನು ಮಂಗಳೂರಿನವಳು. ಬ್ಯಾಂಕ್ ಕೆಲಸ ಬಿಟ್ಟು ನಲವತ್ತೈದರಲ್ಲಿ ಮಾಂಟೆಸ್ಸರಿ ತರಬೇತಿಗೆ ಬೆಂಗಳೂರಿಗೆ ಹೋದವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎಚ್ಚರಿಕೆ. "ಮಾಂಟೆಸ್ಸರಿ" ಎಂಬ ಹೆಸರಿಗೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಗೋಡೆಗೆ ಕಾರ್ಟೂನ್ ಬಳಿದು ಬೋರ್ಡ್ ಹಾಕಿದರೆ ಯಾರದೂ ಮಾಂಟೆಸ್ಸರಿಯೇ. ನೀವು ತರಬೇತಿ ಪಡೆಯುವ ಕೇಂದ್ರದಲ್ಲಿ ಪೂರ್ತಿ ಸಾಮಗ್ರಿ ಇದೆಯೇ, ನಿಜವಾದ ಮಕ್ಕಳಿರುವ ಕೋಣೆಯಲ್ಲಿ ಕೂತು ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಆನ್‌ಲೈನ್‌ನಲ್ಲಿ ಮೂರು ತಿಂಗಳಿನಲ್ಲಿ ಮುಗಿಸುತ್ತೇವೆ ಎಂದರೆ ನಮಸ್ಕಾರ ಹೇಳಿ ಹೊರಡಿ. ಅಂತರರಾಷ್ಟ್ರೀಯ ಸಂಸ್ಥೆಯ ಡಿಪ್ಲೊಮಾ ಆದರೆ ಖರ್ಚು ಲಕ್ಷ ದಾಟುತ್ತದೆ, ಹಗಲಿನ ಕೆಲಸ ಇಟ್ಟುಕೊಂಡು ಮಾಡುವುದು ಕಷ್ಟ.

ತರಬೇತಿಯಲ್ಲಿ ಏನಿರುತ್ತದೆ? ನೀರು ಸುರಿಯುವುದು, ಅಂಗಿಯ ಗುಂಡಿ ಹಾಕುವುದು, ಚಾಪೆ ಸುತ್ತುವುದು. ನಗಬೇಡಿ. ಬ್ಯಾಂಕಿನಲ್ಲಿ ಕೋಟಿ ಲೆಕ್ಕ ನೋಡಿದವಳು ಒಂದು ಚಾಪೆಯನ್ನು ಮಾತಿಲ್ಲದೆ, ಮಗುವಿಗೆ ಪ್ರತಿ ಮಡಿಕೆಯೂ ಕಾಣುವಷ್ಟು ನಿಧಾನವಾಗಿ ಸುತ್ತಲು ಒದ್ದಾಡಿದೆ. ಗುಲಾಬಿ ಗೋಪುರ ಎಂಬ ಸಾಮಗ್ರಿಯಲ್ಲಿ ಹತ್ತು ಘನಗಳಿರುತ್ತವೆ, ಒಂದು ಸೆಂಟಿಮೀಟರಿನಿಂದ ಹತ್ತರವರೆಗೆ. ಮಗು ತಪ್ಪಾಗಿ ಜೋಡಿಸಿದಾಗ ಬಾಯಿ ಮುಚ್ಚಿಕೊಂಡು ಕೂರುವುದೇ ಪರೀಕ್ಷೆ. ನಲವತ್ತರ ನಂತರ ಬಂದವರಿಗೆ ಇದು ಹೆಚ್ಚು ಕಷ್ಟ, ಏಕೆಂದರೆ ಅಷ್ಟರಲ್ಲಿ ನಮಗೆ ಎಲ್ಲರನ್ನೂ ತಿದ್ದಿ ಅಭ್ಯಾಸವಾಗಿರುತ್ತದೆ. ಮಕ್ಕಳು ಬೆರಳಿನಿಂದ ಸವರಿ ಕಲಿಯುವ ಕನ್ನಡದ ಮರಳುಕಾಗದದ ಅಕ್ಷರಗಳನ್ನು ಕುಳಿತು ಕತ್ತರಿಸಿದ್ದೂ ಇದೆ. ಇಂಗ್ಲಿಷ್‌ನವರದು ಇಪ್ಪತ್ತಾರಕ್ಕೆ ಮುಗಿಯುತ್ತದೆ, ನಮ್ಮದು ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಾಗ ಬೆರಳ ತುದಿ ಸವೆದಿತ್ತು.

ದೇಹದ ವಿಚಾರ ಯಾರೂ ಹೇಳುವುದಿಲ್ಲ. ಇಡೀ ದಿನ ನೆಲದಲ್ಲಿ ಕೂತು ಏಳಬೇಕು. ಮಂಡಿ ಹೇಗಿದೆ ನೋಡಿಕೊಳ್ಳಿ. ಮೊದಲ ವರ್ಷ ಶೀತ, ಕೆಮ್ಮು, ಕಣ್ಣುಬೇನೆ, ಹೇನು, ಎಲ್ಲವೂ ಮಕ್ಕಳಿಂದ ನಿಮಗೆ, ನಿಮ್ಮಿಂದ ಮನೆಗೆ. ಶೌಚಾಲಯದ ಕೆಲಸ ಆಯಾದು ಎಂದುಕೊಂಡಿದ್ದರೆ ಈಗಲೇ ಬಿಡಿ.

ಸಂಬಳ? ಬ್ಯಾಂಕಿನಲ್ಲಿ ಸಿಗುತ್ತಿದ್ದುದರ ಮೂರನೇ ಒಂದು ಭಾಗ. ಮನೆ ಸಾಲ ತೀರಿದ ಮೇಲೆ ಬಿಟ್ಟೆ, ಅದಕ್ಕೆ ಉಳಿದುಕೊಂಡಿದ್ದೇನೆ.

ಖಡಕ್ ರೊಟ್ಟಿ
ಕೊನೆಯ ಸಾಲನ್ನು ಎಲ್ಲರೂ ಎರಡು ಸಲ ಓದಿ.

ಹೂವಿನ ಹಡಗಲಿ
ಅತ್ತೆಯವರಿಗೆ ಉತ್ತರ: "ನಿಮ್ಮ ಮಗನ ಮೂಗನ್ನು ಸರಿಯಾಗಿ ಒರೆಸಿದ್ದರಿಂದಲೇ ಅಂಗಡಿ ಇಟ್ಟರು." ಹೇಳಿದ ಮೇಲೆ ತವರಿಗೆ ಹೊರಡಿ.

ಪುಟ್ಟ ಹೆಜ್ಜೆ
ಎಲ್ಲರೂ ಸಂಬಳ ಕಡಿಮೆ ಎನ್ನುತ್ತಿದ್ದೀರಿ, ಕೊಡುವ ಕಡೆಯವರು ಯಾರೂ ಮಾತನಾಡಿಲ್ಲ. ನಾನು ದಾವಣಗೆರೆಯಲ್ಲಿ ನರ್ಸರಿ ನಡೆಸುತ್ತೇನೆ. ಬಾಡಿಗೆ ಕಟ್ಟಡ. ಮಕ್ಕಳ ಹಕ್ಕುಗಳ ಆಯೋಗದ ಮಾರ್ಗಸೂಚಿಯ ಪ್ರಕಾರ ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಸಹಾಯಕಿ. ನಮ್ಮ ಊರಿನಲ್ಲಿ ವರ್ಷಕ್ಕೆ ಹದಿನೆಂಟು ಸಾವಿರಕ್ಕಿಂತ ಹೆಚ್ಚು ಕೇಳಿದರೆ ಪೋಷಕರು ಪಕ್ಕದ ಬೀದಿಗೆ ಹೋಗುತ್ತಾರೆ. ಇಪ್ಪತ್ತು ಮಕ್ಕಳಿಂದ ಮೂರು ಲಕ್ಷದ ಅರವತ್ತು ಸಾವಿರ. ಬಾಡಿಗೆ, ವಿದ್ಯುತ್, ಸಹಾಯಕಿಯ ಸಂಬಳ ತೆಗೆಯಿರಿ. ಜಮಾಖರ್ಚು ಮೇಡಂ, ಟೀಚರಿಗೆ ಇಪ್ಪತ್ತೈದು ಸಾವಿರ ಎಲ್ಲಿಂದ ಕೊಡಲಿ ಎಂದು ನೀವೇ ಹೇಳಿ.

ಜಮಾಖರ್ಚು
@ಪುಟ್ಟ ಹೆಜ್ಜೆ ಹೇಳುತ್ತೇನೆ. ಪ್ರವೇಶ ಶುಲ್ಕ, ಸಮವಸ್ತ್ರ, ಪುಸ್ತಕದ ಕಿಟ್, ವಾರ್ಷಿಕೋತ್ಸವದ ಉಡುಪು, ಇವು ನಿಮ್ಮ ಲೆಕ್ಕದಲ್ಲಿ ಕಾಣಿಸಲಿಲ್ಲ. ಇಂಥ ಪುಸ್ತಕಗಳನ್ನು ನೋಡುವುದೇ ನನ್ನ ಉದ್ಯೋಗ.

ಹೂವಿನ ಹಡಗಲಿ
ಆಡಿಟ್ ಶುರುವಾಯಿತು.

ಪುಟ್ಟ ಹೆಜ್ಜೆ
ಕಿಟ್‌ನಲ್ಲಿ ಸ್ವಲ್ಪ ಉಳಿಯುತ್ತದೆ, ಇಲ್ಲ ಎನ್ನುವುದಿಲ್ಲ. ಅದು ಏಪ್ರಿಲ್, ಮೇ ತಿಂಗಳ ಬಾಡಿಗೆಗೆ ಹೋಗುತ್ತದೆ. ಆದರೂ ಒಂದು ಮಾತು: ನಲವತ್ತು ದಾಟಿದವರನ್ನು ನಾನು ಹುಡುಕಿಕೊಂಡು ತೆಗೆದುಕೊಳ್ಳುತ್ತೇನೆ. ಇಪ್ಪತ್ತೆರಡರ ಹುಡುಗಿಯರು ಚುರುಕು, ಆದರೆ ಮದುವೆಯಾದರೆ ಊರು ಬಿಡುತ್ತಾರೆ. ಟೀಚರ್ ವರ್ಷದ ಮಧ್ಯೆ ಬದಲಾದರೆ ಮಗು ಮತ್ತೆ ಬಾಗಿಲು ಹಿಡಿದು ಅಳಲು ಶುರು ಮಾಡುತ್ತದೆ.

ಲೇತ್ ಮಿಷನ್
ನಾನು ಗಂಡಸು, 48. ಪೀಣ್ಯದಲ್ಲಿ ಯಂತ್ರಗಳ ನಡುವೆ ಬದುಕು ಕಳೆದವನು. ಕಾರ್ಖಾನೆ ಮುಚ್ಚಿದ ಮೇಲೆ ನೆಂಟರ ನರ್ಸರಿಯಲ್ಲಿ ಮರದ ಆಟಿಕೆ ದುರಸ್ತಿ ಮಾಡಲು ಹೋಗಿ ಮಕ್ಕಳು ಬಿಡಲಿಲ್ಲ. ಇಗ್ನೋ ಡಿಪ್ಲೊಮಾ ಮುಗಿಸಿದೆ. ಸಂದರ್ಶನಕ್ಕೆ ಹೋದರೆ "ಸರ್, ಕಚೇರಿಯಲ್ಲಿ ಕೆಲಸ ಇದೆ, ವ್ಯಾನಿನ ಉಸ್ತುವಾರಿ ಇದೆ" ಎನ್ನುತ್ತಾರೆ. ತರಗತಿ ಮಾತ್ರ ಇಲ್ಲ.

ಇಬ್ಬರ ಅಪ್ಪ
ತಪ್ಪು ತಿಳಿಯಬೇಡಿ ಸರ್, ನನ್ನ ಮೂರು ವರ್ಷದ ಮಗಳ ತರಗತಿಗೆ ಗಂಡಸು ಟೀಚರ್ ಎಂದರೆ ನಾನೂ ಯೋಚಿಸುತ್ತೇನೆ. ಪತ್ರಿಕೆಯಲ್ಲಿ ಓದುವುದೇ ಅಂಥದ್ದು.

ಲೇತ್ ಮಿಷನ್
ನನಗೂ ಮಗಳಿದ್ದಾಳೆ, ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಮಗುವನ್ನು ಕಾಯುವುದು ವ್ಯವಸ್ಥೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು, ಹೆಂಗಸು ಗಂಡಸು ಭೇದವಿಲ್ಲ. ನಿಮ್ಮ ಮಗಳ ಶಾಲೆಯಲ್ಲಿ ವ್ಯಾನ್ ಚಾಲಕನದು ಆಗಿದೆಯೇ? ಯಾವತ್ತಾದರೂ ಕೇಳಿದ್ದೀರಾ? ಒಬ್ಬರೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಶೌಚಾಲಯಕ್ಕೆ ಸಹಾಯಕಿಯೇ ಕರೆದೊಯ್ಯಬೇಕು ಎಂಬ ಷರತ್ತು ನಾನೇ ಬರೆದುಕೊಡಲು ಸಿದ್ಧ. ಅಷ್ಟಾದರೂ ಬಾಗಿಲಲ್ಲೇ ನಿಲ್ಲಿಸಿದರೆ ಏನು ಮಾಡಲಿ?

ಇಬ್ಬರ ಅಪ್ಪ
ವ್ಯಾನ್ ಚಾಲಕನ ಬಗ್ಗೆ ಕೇಳಿಲ್ಲ. ನಾಳೆ ಕೇಳುತ್ತೇನೆ.

ಹಳೆ ಮೇಷ್ಟ್ರು
ನಮ್ಮ ದೇಶದಲ್ಲಿ ಶಿಶುಶಿಕ್ಷಣದ ಹಾದಿ ಹಾಕಿದವರಲ್ಲೇ ಗಂಡಸರಿದ್ದಾರೆ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ತಮ್ಮ ಮಗನಿಗೆ ಎಂಥ ಶಾಲೆ ಬೇಕು ಎಂದು ಹುಡುಕುತ್ತಾ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಬಾಲಮಂದಿರ ತೆರೆದರು. ಅಲ್ಲಿನ ಜನ ಅವರನ್ನು "ಮೀಸೆಯ ತಾಯಿ" ಎಂದೇ ಕರೆದರು. ಲೇತ್ ಮಿಷನ್ ಅವರೇ, ನಿಮಗೆ ಮೀಸೆ ಇದೆಯೇ?

ಚೌಕಟ್ಟು
ಮೇಷ್ಟ್ರೇ, ಒಳ್ಳೆಯ ಉದಾಹರಣೆ, ಆದರೆ ಅವರು ಹುಟ್ಟಿದ್ದು 1885. ವಕೀಲಿ ಬಿಟ್ಟಾಗ ಮೂವತ್ತರ ಆಸುಪಾಸು. ನಲವತ್ತೆಂಟಕ್ಕೂ ಅದಕ್ಕೂ ಅಂತರವಿದೆ.

ಹಳೆ ಮೇಷ್ಟ್ರು
ಸರಿ, ಹಾಗಾದರೆ ಮರಿಯಾ ಮಾಂಟೆಸ್ಸರಿಯನ್ನೇ ತೆಗೆದುಕೊಳ್ಳಿ. ವೈದ್ಯೆ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ 36 ವರ್ಷ. ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮವರಿಗೆ ತರಬೇತಿ ಕೊಡಲು ಶುರು ಮಾಡಿದ್ದು 1939ರಲ್ಲಿ, 69ನೇ ವಯಸ್ಸಿನಲ್ಲಿ. ಇನ್ನೂ ವಯಸ್ಸಿನ ದಾಖಲೆ ಬೇಕೇ?

ಲೇತ್ ಮಿಷನ್
ಮೀಸೆ ಇದೆ ಮೇಷ್ಟ್ರೇ. ಮಕ್ಕಳು ಎಳೆಯುತ್ತಾರೆ.

ಮಲ್ಲಿಗೆ ಮೊಗ್ಗು
ಎಲ್ಲರಿಗೂ ಕ್ಷಮೆ ಇರಲಿ, ವಿಷಯಾಂತರ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು, ನನ್ನ ಮಗನಿಗೆ ಮೂರು ವಾರ ಕಡಿಮೆ. ಯುಕೆಜಿಯನ್ನೇ ಮತ್ತೊಮ್ಮೆ ಮಾಡಿಸಿ ಎನ್ನುತ್ತಾರೆ. ಏನು ಮಾಡುವುದು?

ಇಬ್ಬರ ಅಪ್ಪ
2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು, ಅದು ಒಂದೇ ವರ್ಷದ ರಿಯಾಯಿತಿ. ಒಂದು ವರ್ಷ ಹೆಚ್ಚು ಆಡಲಿ ಬಿಡಿ, ಏನು ಮುಳುಗುತ್ತದೆ?

ಮಲ್ಲಿಗೆ ಮೊಗ್ಗು
ನಲವತ್ತು ಸಾವಿರ ಶುಲ್ಕ ಮುಳುಗುತ್ತದೆ ಸರ್.

ಹಿಂತಿರುಗಿದವಳು
ಇಷ್ಟು ಹೊತ್ತು ಓದಿದೆ, ಬರೆಯದೆ ಇರಲಾಗಲಿಲ್ಲ. ನಾನು ಮೈಸೂರಿನವಳು, ನಲವತ್ತೊಂದರಲ್ಲಿ ಈ ಕ್ಷೇತ್ರಕ್ಕೆ ಬಂದು ಬಿಟ್ಟು ಹೋದವಳು. ಸಂಬಳಕ್ಕಾಗಿ ಬಿಡಲಿಲ್ಲ.

ನರ್ಸರಿ ಎಂದರೆ ಆಟ, ಹಾಡು, ಕಥೆ ಎಂದು ಹೋದೆ. ಎರಡನೇ ವಾರವೇ ಮುಖ್ಯಸ್ಥರು ಕರೆದು "ಪಕ್ಕದ ಶಾಲೆಯ ಮಕ್ಕಳು ಸೆಪ್ಟೆಂಬರ್ ಹೊತ್ತಿಗೆ ಝಡ್‌ವರೆಗೆ ಬರೆಯುತ್ತಾರೆ, ನಿಮ್ಮವರು ಇನ್ನೂ ಮಣ್ಣಿನಲ್ಲಿ ಆಡುತ್ತಿದ್ದಾರೆ" ಎಂದರು. ಮೂರೂವರೆ ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲವೇ ಬಂದಿರುವುದಿಲ್ಲ. ಕೈ ಹಿಡಿದು ಬರೆಸಬೇಕು, ಅದನ್ನು ಮನೆಗೆ ಕಳಿಸಬೇಕು, ಪೋಷಕರು ಖುಷಿಪಡಬೇಕು. ದಿನಕ್ಕೆ ಇಷ್ಟು ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೇಬೇಕು. ಮಗು ಅಳುತ್ತಿದ್ದರೆ ನಗಿಸಿ ಫೋಟೊ ತೆಗೆಯಬೇಕು. ಡಿಸೆಂಬರ್ ಪೂರ್ತಿ ವಾರ್ಷಿಕೋತ್ಸವದ ನೃತ್ಯಾಭ್ಯಾಸ. ಒಬ್ಬ ಹುಡುಗ ವೇದಿಕೆಯ ಬೆಳಕಿಗೆ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡ. ಅವನನ್ನು ಎತ್ತಿಕೊಂಡು ಕೆಳಗಿಳಿದಿದ್ದಕ್ಕೆ "ಸಾಲು ಕೆಡಿಸಿದಿರಿ" ಎಂಬ ಮಾತು ಕೇಳಿದೆ.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. 2020ರ ಶಿಕ್ಷಣ ನೀತಿಯಲ್ಲಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಎಂದಿದ್ದಾರೆ, 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ ಆಟದಿಂದಲೇ ಕಲಿಕೆ, ಮನೆಮಾತಿನಲ್ಲೇ ಕಲಿಕೆ ಎಂದಿದ್ದಾರೆ. ಅದನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದೆ. "ಪೋಷಕರಿಗೆ ನೀವೇ ಹೇಳಿ" ಎಂದರು. ಹೇಳಿದೆ. ಒಬ್ಬ ತಾಯಿ "ಹಾಗಾದರೆ ಇಂಗ್ಲಿಷ್ ಯಾವಾಗ?" ಎಂದು ಕೇಳಿದರು.

ಆದ್ದರಿಂದ ಜಮಾಖರ್ಚು ಅವರೇ, ಕೋರ್ಸ್ ಯಾವುದು ಎಂದು ಕೇಳುವ ಮೊದಲು ಯಾವ ಶಾಲೆ ಎಂದು ಕೇಳಿಕೊಳ್ಳಿ. ಸಂದರ್ಶನಕ್ಕೆ ಹೋದಾಗ ಸಂಬಳ ಕೇಳುವುದಕ್ಕೂ ಮೊದಲು ಮಕ್ಕಳ ನೋಟ್‌ಪುಸ್ತಕ ತೋರಿಸಿ ಎನ್ನಿ. ಮೂರು ವರ್ಷದವರಿಗೆ ನಾಲ್ಕು ಗೆರೆಯ ಪುಸ್ತಕ ಇದ್ದರೆ ಎದ್ದು ಬನ್ನಿ.

ಪುಟ್ಟ ಹೆಜ್ಜೆ
ಎರಡೂ ಕಡೆಯ ಒತ್ತಡ ನಮ್ಮ ಮೇಲಿರುತ್ತದೆ ಮೇಡಂ. ಬರೆಸದಿದ್ದರೆ ಪೋಷಕರು ಟಿಸಿ ಕೇಳುತ್ತಾರೆ.

ಹಿಂತಿರುಗಿದವಳು
ಗೊತ್ತು. ಹಾಗೆಂದು ಮಗುವಿನ ಬೆರಳು ಬೇಗ ಬೆಳೆಯುವುದಿಲ್ಲ.

ಕಡಲಕರೆ
@ಹಿಂತಿರುಗಿದವಳು ನೀವು ಬಿಟ್ಟಿದ್ದು ಕೆಲಸವನ್ನಲ್ಲ, ಆ ಶಾಲೆಯನ್ನು. ನಿಮ್ಮಂಥವರು ಬಿಟ್ಟರೆ ಕಷ್ಟ. ನಮ್ಮಲ್ಲಿ ಜೂನ್ ಮೊದಲ ವಾರಗಳು ಅಳುವಿನದೇ. ಒಬ್ಬ ಹುಡುಗ ಒಳಗೆ ಬರಲು ಒಪ್ಪದೆ ಹೊರಗೆ ಎಲ್ಲರ ಚಪ್ಪಲಿ ಜೋಡಿಸುತ್ತಾ ಕೂರುತ್ತಿದ್ದ, ದೊಡ್ಡದರಿಂದ ಚಿಕ್ಕದಕ್ಕೆ. ಯಾರೂ ಒಳಗೆ ಕರೆಯಲಿಲ್ಲ. ಒಂದು ದಿನ ಗುಲಾಬಿ ಗೋಪುರವನ್ನು ಬಾಗಿಲ ಒಳಗೆ, ಅವನಿಗೆ ಕಾಣುವ ಜಾಗದಲ್ಲಿ ಇಟ್ಟೆ. ಚಪ್ಪಲಿ ಮುಗಿಸಿ ತಾನೇ ಬಂದ. ಅಂಥದನ್ನು ಗಮನಿಸಲು ಬಿಡುವಿರುವ ಶಾಲೆಗಳೂ ಇವೆ, ಕಡಿಮೆ ಅಷ್ಟೇ.

ಬಯಲುಸೀಮೆ
ಸರ್ಕಾರವೇ ಮಾಂಟೆಸ್ಸರಿ ಶುರು ಮಾಡಿದೆಯಲ್ಲ, ಅಲ್ಲಿ ನೋಡಬಹುದಲ್ಲವೇ?

ಕೊಪ್ಪಳದ ಕಾರ್ಯಕರ್ತೆ
ಅದರ ಕಥೆ ಕೇಳಿ. 2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುತ್ತೇವೆ ಎಂದರು. ನಾಲ್ಕು ವರ್ಷದವರು ಅತ್ತ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು? ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತೆವು. ಆಮೇಲೆ ಬೆಂಗಳೂರಿನ 250 ಅಂಗನವಾಡಿಗಳಿಗೇ ಸರ್ಕಾರಿ ಮಾಂಟೆಸ್ಸರಿ ಎಂಬ ಬೋರ್ಡ್ ಬಂತು. ಅಲ್ಲಿ ಕಲಿಸುವವರೂ ಕಾರ್ಯಕರ್ತೆಯರೇ, ಹೊರಗಿನವರಿಗೆ ಹುದ್ದೆ ಇದೆ ಎಂದುಕೊಳ್ಳಬೇಡಿ.

ಖಾಸಗಿ ಶಾಲೆಯ ಅಕ್ಕಂದಿರಿಗೂ ಒಂದು ಮಾತು. ನಾವು ಬೀದಿಯಲ್ಲಿ ಕೂತಾಗ ಟಿವಿಯವರಾದರೂ ಬರುತ್ತಾರೆ. ಹನ್ನೊಂದು ಸಾವಿರಕ್ಕೆ ದುಡಿಯುವ ನಿಮಗೆ ಒಂದು ಸಂಘವೂ ಇಲ್ಲ.

ಖಡಕ್ ರೊಟ್ಟಿ
ಇಡೀ ಚರ್ಚೆಯಲ್ಲಿ ಇದೊಂದು ಮಾತಿಗೆ ನನ್ನ ಪೂರ್ಣ ಸಮ್ಮತಿ.

ಜಮಾಖರ್ಚು
ಎಲ್ಲರಿಗೂ ಧನ್ಯವಾದ. ನಿನ್ನೆ ಯಜಮಾನರೊಂದಿಗೆ ಕಾಗದ ಪೆನ್ನು ಹಿಡಿದು ಕೂತೆ. ಈ ವರ್ಷ ಕೆಲಸ ಬಿಡುವುದಿಲ್ಲ, ಇಗ್ನೋ ಡಿಪ್ಲೊಮಾಕ್ಕೆ ಸೇರುತ್ತೇನೆ. ಮಗಳ ಕಾಲೇಜು ಯಾವುದು, ಶುಲ್ಕ ಎಷ್ಟು ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ತೊಡಕು ಒಂದೇ: ಶಾಲೆ ಶುರುವಾಗುವುದು ಜೂನ್‌ನಲ್ಲಿ, ನಮ್ಮ ಕಚೇರಿಯಲ್ಲಿ ಉಸಿರು ಬಿಡಲು ಆಗದ ಕಾಲವೂ ಅದೇ. ಜೂನ್‌ನಲ್ಲಿ ಬಿಡುತ್ತೇನೆ ಎಂದರೆ ನಮ್ಮ ಸಾಹೇಬರು ಅಳುತ್ತಾರೆ.

ತಿಂಗಳಿಗೆ ಒಂದೆರಡು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಮಾಡಿದರೆ ಸಂಬಳದ ಕೊರತೆ ಅರ್ಧ ತುಂಬುತ್ತದೆ ಎಂಬುದು ನನ್ನ ಅಂದಾಜು. ಶಾಲೆಯವರು ಇದಕ್ಕೆ ಆಕ್ಷೇಪಿಸುತ್ತಾರೆಯೇ?

ಪುಟ್ಟ ಹೆಜ್ಜೆ
ಆಕ್ಷೇಪವೇ? ನಮ್ಮ ಶಾಲೆಯ ಲೆಕ್ಕವನ್ನೂ ನೀವೇ ನೋಡಿ ಎನ್ನುತ್ತಾರೆ, ಅದೇ ಸಂಬಳಕ್ಕೆ. ನೇಮಕಾತಿ ಪತ್ರದಲ್ಲಿ "ವಹಿಸಿದ ಇತರೆ ಕೆಲಸಗಳು" ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ. ನಾನೇ ಆ ಸಾಲು ಹಾಕುವವಳು, ಆದ್ದರಿಂದ ಹೇಳುತ್ತಿದ್ದೇನೆ.

ಲೇತ್ ಮಿಷನ್
ಪುಟ್ಟ ಹೆಜ್ಜೆ ಮೇಡಂ, ದಾವಣಗೆರೆಗೆ ಬರಲು ನಾನು ಸಿದ್ಧ. ಆಟಿಕೆಯನ್ನೂ ದುರಸ್ತಿ ಮಾಡುತ್ತೇನೆ. ತರಗತಿ ಕೊಡುತ್ತೀರಾ?

ಪುಟ್ಟ ಹೆಜ್ಜೆ
ಪೊಲೀಸ್ ಪರಿಶೀಲನಾ ಪತ್ರ ತನ್ನಿ, ಒಂದು ವಾರ ಸಹಾಯಕರಾಗಿ ಬನ್ನಿ, ಪೋಷಕರ ಸಭೆಯಲ್ಲಿ ನೀವೇ ಮಾತನಾಡಿ. ಅವರು ಒಪ್ಪಿದರೆ ನನ್ನ ಅಡ್ಡಿ ಇಲ್ಲ. ವಿವರ ಖಾಸಗಿ ಸಂದೇಶದಲ್ಲಿ ಕಳಿಸಿ.

ಅಂಚೆಪೆಟ್ಟಿಗೆ
ತಡವಾಗಿ ಬಂದೆ. ನನಗೆ 57, ಮುಂದಿನ ವರ್ಷ ಅಂಚೆ ಇಲಾಖೆಯಿಂದ ನಿವೃತ್ತಿ ಪಡೆಯುವ ಯೋಚನೆ. ಪಿಂಚಣಿ ಬರುತ್ತದೆ, ಸಂಬಳದ ಚಿಂತೆ ಇಲ್ಲ. ನನ್ನದೂ ಇದೇ ಪ್ರಶ್ನೆ.

ಕಡಲಕರೆ
ಮೇಲಿನದೆಲ್ಲ ಓದಿ ಸರ್. ಮಂಡಿ ಹೇಗಿದೆ?

ಅಂಚೆಪೆಟ್ಟಿಗೆ
ಎಡಗಡೆಯದು ಪರವಾಗಿಲ್ಲ.